ಬಿಂದಿಗೆ ತರಲು ಬಾವಿಗಿಳಿದ ಭಾವ

ನಮ್ಮ ಭಾವನವರಿಗೆ ಯಾರಾದರೂ "ಇದು ಆಗಲ್ಲ" ಅಂದರೆ ಸಾಕು, ಮನೆಯಲ್ಲೊಂದು ಫಜೀತಿ ತಯಾರು. ಹಲಸೂರಿನಲ್ಲಿ ಅವರದು ಹಾರ್ಮೋನಿಯಂ ರಿಪೇರಿ. ದಂಡು ಪ್ರದೇಶದ ಚರ್ಚುಗಳೂ ನಾಟಕದ ಕಂಪನಿಗಳೂ ಅವರ ಕಿವಿಯನ್ನೇ ನಂಬಿದ್ದವು. ಆ ಕಿವಿ ಈಗಿಲ್ಲ ಅಂತ ನೆನೆದರೆ ಸಂಕಟವಾಗುತ್ತದೆ.

ಯುದ್ಧದ ಕಾಲ, ತಾಮ್ರ ಸಿಗುತ್ತಿರಲಿಲ್ಲ. ಅಕ್ಕ ತವರಿನಿಂದ ತಂದಿದ್ದ ತಾಮ್ರದ ಬಿಂದಿಗೆ ಬಾವಿಗೆ ಬಿತ್ತು. ಪಾತಾಳಗರಡಿಯ ಕೊಕ್ಕೆ ಹಾಕಿಸಿದರೆ ಬರೀ ಕೆಸರು ಬಂತು.

"ನಾನೇ ಇಳಿದು ತರ್ತೀನಿ" ಅಂದರು ಭಾವ.

"ಅಷ್ಟು ಆಳದಲ್ಲಿ ಉಸಿರಾಡೋದು ಆಗಲ್ಲ ಭಾವ" ಅಂದೆ ನಾನು.

"ಹಾರ್ಮೋನಿಯಂಗೆ ಗಾಳಿ ತುಂಬೋನಿಗೆ ತನಗೆ ತುಂಬ್ಕೊಳಕ್ಕೆ ಬರಲ್ವೇನೋ?"

೧. ಡಬ್ಬ

ಸೀಮೆಎಣ್ಣೆ ಡಬ್ಬಕ್ಕೆ ಗಾಜು ಕೂರಿಸಿ, ತಲೆಗೆ ಬೋರಲು ಹಾಕಿ, ಭುಜಕ್ಕೆ ಬಿಗಿದುಕೊಂಡು ಇಳಿದರು. ಡಬ್ಬದ ತುಂಬ ಗಾಳಿ, ಮುಳುಗುವುದೆಲ್ಲಿಂದ? ಅವರ ಉಸಿರಿಗೆ ಗಾಜು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

"ಎಷ್ಟು ಆಳ ಬಂದೆ?" ಅಂತ ಡಬ್ಬದೊಳಗಿಂದ ಕೂಗಿದರು.

"ಕುತ್ತಿಗೆವರೆಗೆ ನೆಂದಿದೀರ. ಸೋಪು ಕೊಡ್ಲಾ?" ಅಂದಳು ಅಕ್ಕ.

೨. ಮುಖವಾಡ

ಗುಜರಿಯಲ್ಲಿ ಸಿಪಾಯಿಗಳ ವಿಷಗಾಳಿ ಮುಖವಾಡ ಸಿಕ್ಕಿತು. "ವಿಷವನ್ನೇ ತಡೆಯೋದಕ್ಕೆ ನೀರು ಯಾವ ಲೆಕ್ಕ?" ಅಂತ ಮೊದಲು ಪರೀಕ್ಷೆಗೆ ಹಲಸೂರು ಕೆರೆಯಲ್ಲಿ ಮುಳುಗಿಯೇಬಿಟ್ಟರು. ಎಳೆದು ದಡಕ್ಕೆ ಹಾಕಿದಾಗ ಮುಖ ನೀಲಿಗಟ್ಟಿತ್ತು. ಬಿಂದಿಗೆಯೇ ಬೇಡ ಅಂತ ಅಕ್ಕ ಕೈಮುಗಿದಳು. ಕಕ್ಕಿ ಮುಗಿಸಿದ ಭಾವ ಹೇಳಿದ್ದು ಇಷ್ಟೇ: "ವಿಷ ಒಂದು ತೊಟ್ಟೂ ಒಳಗೆ ಬರ್ಲಿಲ್ಲ ನೋಡು."

೩. ಪಂಪು

ಕೊನೆಗೆ ಅದೇ ಡಬ್ಬಕ್ಕೆ ಕಲ್ಲು ಕಟ್ಟಿ, ರಬ್ಬರ್ ಪೈಪು ಜೋಡಿಸಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿದರು. ಮೇಲಿನಿಂದ ಗಾಳಿ ಹೊಡೆಯಲು ಸೈಕಲ್ ಅಂಗಡಿಯ ಸಾಬರು. ಬಲು ಒಳ್ಳೆಯ ಮನುಷ್ಯ, ಆದರೆ ಹುಟ್ಟಾ ಸೈಕಲ್ಲಿನವರು. ನಾಲ್ಕು ಸಲ ಪಂಪು ಒತ್ತುವುದು, ನಿಲ್ಲಿಸಿ ಪೈಪು ಹಿಸುಕಿ ನೋಡುವುದು.

"ಹಿಸುಕ್ಬೇಡಿ ಸಾಬ್ರೇ!" ಅಂದೆ.

"ಜಾಸ್ತಿ ಹೊಡೆದ್ರೆ ಒಡೆದೋಗುತ್ತೆ ಭಾಯ್."

ಅಷ್ಟರಲ್ಲಿ ಬಾವಿಯಲ್ಲಿ ಬುಳುಬುಳು ಗುಳ್ಳೆ ಎದ್ದವು. ಅಕ್ಕ ಕಿರುಚಿದಳು. ನಾನು ಹಗ್ಗಕ್ಕೆ ಕೈಹಾಕಿದರೆ ಸಾಬರು ತಡೆದರು. "ತಡೀರಿ, ಎಲ್ಲಿಂದ ಬರ್ತಿದೆ ನೋಡ್ಬೇಕು."

ಅವರನ್ನು ತಳ್ಳಿ ಹಗ್ಗ ಎಳೆದೆ. ಭಾವ ಬದುಕಿದರು. ಆದರೆ ನೀರಿನ ಒತ್ತಡಕ್ಕೆ ಎರಡೂ ಕಿವಿಯಿಂದ ರಕ್ತ ಸುರಿಯಿತು. ಆಮೇಲೆ ಅವರಿಗೆ ಒಂದು ಸ್ವರವೂ ಸರಿಯಾಗಿ ಕೇಳಿಸಲಿಲ್ಲ, ಅಂಗಡಿಯೂ ಮುಚ್ಚಿತು. ಮೊದಲ ದಿನವೇ ನಾನು "ಆಗಲ್ಲ" ಅನ್ನದೆ ಸುಮ್ಮನಿರಬಾರದಿತ್ತೇ?

ಅವತ್ತು ಬಾವಿಕಟ್ಟೆಯಲ್ಲಿ ಅಕ್ಕ ಭಾವನ ತಲೆ ತೊಡೆಯ ಮೇಲಿಟ್ಟುಕೊಂಡು ಗೊಳೋ ಅಂತ ಅಳುತ್ತಿದ್ದಳು. ಸಾಬರು ಪೈಪನ್ನೆಲ್ಲ ಬಕೆಟ್ಟಿನ ನೀರಲ್ಲಿ ಅದ್ದಿ ನೋಡಿ, ಪಕ್ಕಕ್ಕೆ ಬಂದು ಸಮಾಧಾನ ಹೇಳಿದರು:

"ಅಳ್ಬೇಡಮ್ಮಾ. ತೂತು ಪೈಪಲ್ಲಿದೆ. ನಿಮ್ಮ ಯಜಮಾನ್ರು ಎಲ್ಲೂ ಪಂಕ್ಚರ್ ಆಗಿಲ್ಲ."