ಬೇ ಅಂದರೆ ಎರಡು

ಗುರುಕಿರಣನ ಆ ಭಾನುವಾರವನ್ನು ಹಾಳು ಮಾಡಿದ್ದು ಒಂದೇ ಒಂದು ಅಕ್ಷರ. ಅದು 'ಬೇ'. ಗುಜರಾತಿಯಲ್ಲಿ ಬೇ ಅಂದರೆ ಎರಡು. ಅದೇ ಅಕ್ಷರ ಕನ್ನಡದಲ್ಲಿ ಯಾವ್ಯಾವ ಮಾತಿನ ತಲೆಯ ಮೇಲೆ ಕೂತಿರುತ್ತದೆ ಎಂದು ಹಾಸನದಲ್ಲಿ ಹುಟ್ಟಿ ಬೆಳೆದ ಈ ಹುಡುಗ ಒಂದು ಗಳಿಗೆ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ವಾರವೆಲ್ಲ ಅವನು ವಡೋದರಾದ ಒಂದು ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುತ್ತಾನೆ. ಭಾನುವಾರ ಬಂದರೆ ಕನ್ನಡ ಸಂಘದವರ ಸ್ವತ್ತು. ಯಾರದೋ ಪ್ರಿಂಟರ್, ಯಾರದೋ ಟಿವಿ ರಿಮೋಟ್, ಇನ್ಯಾರದೋ ಮರೆತುಹೋದ ಪಾಸ್‌ವರ್ಡ್, ಎಲ್ಲಕ್ಕೂ ಅವನೇ ವೈದ್ಯ. ಹೀಗಿರುವಾಗ ಗೋರ್ವಾ ಬಡಾವಣೆಯ ಹಾಲ್‌ನಲ್ಲಿ ನಡೆಯುವ ಸಂಘದ ಹೋಳಿಗೆ ಊಟಕ್ಕೆ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕವೂ ಅವನ ಕೊರಳಿಗೇ ಬಿತ್ತು. ಅಧ್ಯಕ್ಷರಾದ ಮಲ್ಲಿಕಾರ್ಜುನ ಕಾಕಾ ಧಾರವಾಡದವರು, ಸರ್ಕಾರಿ ಕಾರ್ಖಾನೆಯೊಂದರಿಂದ ನಿವೃತ್ತರು. "ಎಲ್ಲಾರೂ ಒಂದ ನಂಬರಿಗೆ ಮೆಸೇಜ್ ಹಾಕ್ತಾರ. ನಿನ್ನ ಕಂಪ್ಯೂಟರ್ ಓದಿ ರಿಪೋರ್ಟ್ ಕೊಡಬೇಕು. ಅಷ್ಟ ನೋಡಪಾ," ಎಂದು ಅವರು ಹೇಳಿಬಿಟ್ಟರು.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಕನ್ನಡಿಗರು ಊಟಕ್ಕೆ ಬರುವ ಸಂಗತಿಯನ್ನು ಬರೀ ಅಂಕಿಯಲ್ಲಿ ಹೇಳುವ ಪೈಕಿಯವರಲ್ಲ. ಒಬ್ಬರು 'ಫ್ಯಾಮಿಲಿ ಸಮೇತ' ಎಂದರು. ಇನ್ನೊಬ್ಬರು 'ಅತ್ತೆಯ ಮೂಡು ನೋಡಿಕೊಂಡು ನಾಲ್ಕೋ ಐದೋ' ಎಂದರು. ಇಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರಂತೂ ಅಪ್ಪ ಅಮ್ಮನ ಕನ್ನಡವನ್ನೂ ಶಾಲೆಯ ಗುಜರಾತಿಯನ್ನೂ ಕಲಸಿ 'ಬೇ ಜನ', 'ತ್ರಣ್ ಜನ' ಎಂದು ಬರೆದರು. ಪ್ರತಿ ಮೆಸೇಜಿಗೂ ಪ್ರೋಗ್ರಾಮ್ ಕಾಲು ಚಾಚಿ ಕೂರುತ್ತಿತ್ತು. ಶನಿವಾರ ಸಂಜೆಯ ಹೊತ್ತಿಗೆ ಗುರುಕಿರಣ ರೋಸಿಹೋದ.

ಅವನು ಎರಡು ಕೆಲಸ ಮಾಡಿದ. ಮೊದಲನೆಯದು, ಪ್ರೋಗ್ರಾಮಿಗೆ ಗುಜರಾತಿ ಸಂಖ್ಯೆಗಳನ್ನು ಕಲಿಸಿದ. ಬೇ ಅಂದರೆ ಎರಡು, ತ್ರಣ್ ಅಂದರೆ ಮೂರು, ಹೀಗೆ ಸೋ ಅಂದರೆ ನೂರು ಎನ್ನುವ ತನಕ. ಕೆಲವರು 'ಬೇಜನ' ಎಂದು ಅಂಟಿಸಿ ಬರೆದಿದ್ದರಿಂದ, ಪದದ ಶುರುವಿನಲ್ಲಿ ಸಿಕ್ಕರೂ ಲೆಕ್ಕಕ್ಕೆ ತಗೋ ಎಂದ. ಎರಡನೆಯದು, ಅರ್ಥವಾಗದ ಮಾತು ಬಂದಾಗ ತಪ್ಪು ತಪ್ಪು ಎಂದು ಅರಚುತ್ತಿದ್ದ ಪ್ರೋಗ್ರಾಮಿಗೆ, ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಮುಂದಿನ ಮೆಸೇಜಿಗೆ ಹೋಗು ಎಂದು ಅಪ್ಪಣೆ ಕೊಟ್ಟ. ಪ್ರೋಗ್ರಾಮ್ ಸಭ್ಯ ಅಳಿಯನ ಹಾಗೆ ತಲೆ ತಗ್ಗಿಸಿ ನಡೆದು ರಿಪೋರ್ಟ್ ತಂದಿಟ್ಟಿತು. ಒಟ್ಟು ಊಟ ಸಾವಿರದ ಇನ್ನೂರ ಆರು. ದೋಷಗಳು ಸೊನ್ನೆ.

ಹೋದ ವರ್ಷ ಬಂದವರು ಇನ್ನೂರೈವತ್ತು ಜನ. ಅವನೂ ಆ ಅಂಕಿಯನ್ನು ಎರಡು ಸಲ ಓದಿದ. ಮಲ್ಲಿಕಾರ್ಜುನ ಕಾಕಾ ಮಾತ್ರ ಹಿಗ್ಗಿಹೋದರು. "ಅಹಮದಾಬಾದ್, ಸೂರತ್ ಎಲ್ಲಾ ಕಡಿಂದ ಬರಾಕತ್ತಾರ. ಸಂಘದ ಹೆಸರು ಹಂಗ ಐತಿ," ಎಂದು ರಿಪೋರ್ಟನ್ನು ಅಡುಗೆಯ ಗಣಪತಿಯವರಿಗೆ ತಾವೇ ಕಳಿಸಿದರು. ಗುರುಕಿರಣ ಹೆಚ್ಚು ವಾದಿಸಲಿಲ್ಲ. ಅವನಿಗೆ ಅಂಗಿ ಇಸ್ತ್ರಿ ಮಾಡುವುದಿತ್ತು.

ಅಂಗಿಗೂ ಒಂದು ಕಾರಣವಿತ್ತು. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ಅನಂತರಾಮ ಅವರು ಬಾಹ್ಯಾಕಾಶ ಸಂಶೋಧನೆಯಲ್ಲಿ ಬದುಕು ಸವೆಸಿದವರು, ಅವರ ಮಗಳು ಅರ್ಚಿತಾ. ಹೋದ ವರ್ಷ ಇದೇ ಊಟದಲ್ಲಿ ಪಕ್ಕದಲ್ಲಿ ಕೂತು ಅವಳು ಅವನನ್ನು, "ಈ ಕೋಸಂಬರಿನ ಫಸ್ಟ್ ತಿನ್ನೋದಾ, ಲಾಸ್ಟಾ?" ಎಂದು ಕೇಳಿದ್ದಳು. ಆ ಒಂದು ವಾಕ್ಯವನ್ನು ಅವನು ವರ್ಷವಿಡೀ ಬೇರೆ ಬೇರೆ ಅರ್ಥದಲ್ಲಿ ಓದಿಕೊಂಡಿದ್ದ. ಈ ಗುರುವಾರ ಮಲ್ಲಿಕಾರ್ಜುನ ಕಾಕಾ ಫೋನ್ ಮಾಡಿ, "ಅನಂತರಾಮ ಅವರು ಐತವಾರ ನಿನ್ನ ನೋಡಾಕ ಬರ್ತಾರಂತ. ಮಗಳೂ ಬರ್ತಾಳಂತ. ಹುಡುಗ ಹೆಂಗದಾನ ಅಂತ ಕೇಳಿದ್ರು. ಬಂಗಾರ ಅಂದೆ," ಎಂದಿದ್ದರು. ಅಂದಿನಿಂದ ಗುರುಕಿರಣನ ಕಾಲು ನೆಲದ ಮೇಲಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು ಮೂರನೆಯ ಸಲ ತಲೆ ಬಾಚುತ್ತಿದ್ದಾಗ ಗಣಪತಿಯವರ ಫೋನ್ ಬಂತು. "ಗುರು, ಒಮ್ಮೆ ಹಾಲಿಗೆ ಬಂದು ಹೋಗು ಮಾರಾಯ. ಒಂದು ಮಾತು ಕೇಳ್ಲಿಕ್ಕೆ ಉಂಟು."

ಗಣಪತಿ ಕುಂದಾಪುರದ ಕಡೆಯವರು, ಗೋರ್ವಾದಲ್ಲಿ ಹೋಟೆಲು ಇಟ್ಟುಕೊಂಡವರು. ಗುರುಕಿರಣ ಹೋಗಿ ನೋಡಿದರೆ ಹಾಲಿನ ಹಿಂದೆ ಹೋಳಿಗೆಗಳು ಎದೆಯೆತ್ತರಕ್ಕೆ ಏರಿದ್ದವು. ಸೂರತ್ತಿನಿಂದ ಕರೆಸಿದ ಅಡುಗೆಯವರು ಬೆವರು ಸುರಿಸುತ್ತ ಇನ್ನೂ ಲಟ್ಟಿಸುತ್ತಲೇ ಇದ್ದರು. ಅನ್ನದ ಹಂಡೆಗಳು ಸಾಲಾಗಿ ಹೊಗೆಯಾಡುತ್ತಿದ್ದವು.

"ನನ್ನ ತಮ್ಮ ಅನಿಲ ಅಂಕಲೇಶ್ವರದಿಂದ ಬರುವುದಿಲ್ಲ ಅಂತ ನಿನ್ನೆ ನನಗೇ ಹೇಳಿದ. ನಿನ್ನ ಕಂಪ್ಯೂಟರಿನಲ್ಲಿ ಅವನ ಲೆಕ್ಕ ಎಂತ ಉಂಟು, ನೋಡು," ಎಂದರು ಗಣಪತಿ.

ಗುರುಕಿರಣ ಲ್ಯಾಪ್‌ಟಾಪ್ ತೆರೆದು ನೋಡಿದ. ಅನಿಲನ ಹೆಸರಿನ ಮುಂದೆ ನೂರ ನಾಲ್ಕು ಊಟ ಎಂದಿತ್ತು. ಅವನ ಮೆಸೇಜು ಹೀಗಿತ್ತು: 'ಸೋ ಸಾರಿ, ಈ ಸಲ ನಮ್ಗೆ ಬೇಡ, ಬೇರೆ ಕೆಲಸ ಉಂಟು.'

ಗುರುಕಿರಣ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಸೋ ಅಂದರೆ ನೂರು. ಬೇಡ ಎಂಬುದರ ಬೇ ಎರಡು. ಬೇರೆ ಎಂಬುದರ ಬೇ ಇನ್ನೆರಡು. ಕೆಳಗೆ ನೋಡುತ್ತ ಹೋದ. 'ಬೇಸರ ಮಾಡ್ಕೊಬೇಡಿ, ಬರೋಕಾಗಲ್ಲ' ಎಂದವರಿಗೆ ಎರಡು ಎಲೆ. 'ಸೋಮವಾರ ಪರೀಕ್ಷೆ' ಎಂದವರಿಗೆ ನೂರು. 'ಸೋದರತ್ತೆಗೆ ಹುಷಾರಿಲ್ಲ' ಎಂದವರಿಗೂ ನೂರು. ಯಾರು ಎಷ್ಟು ನಯವಾಗಿ ಬರುವುದಿಲ್ಲ ಎಂದಿದ್ದರೋ ಅವರಿಗೆ ಅಷ್ಟು ಹೆಚ್ಚು ಹೋಳಿಗೆ. ಬಾಯಿ ಮುಚ್ಚಿಸಿದ್ದರಿಂದ ಪ್ರೋಗ್ರಾಮ್ ಪಾಪ ಒಂದು ಸಲವೂ ಕೆಮ್ಮಿರಲಿಲ್ಲ.

"ಎಂತ ಆಯ್ತು? ಮುಖ ಯಾಕೆ ಹಾಗೆ ಬಿಳುಚಿಕೊಂಡದ್ದು?" ಗಣಪತಿ ಕೇಳಿದರು.

"ಗಣಪಣ್ಣ, ಬೇಡ ಅಂದೋರಿಗೆಲ್ಲ ಎರಡೆರಡು ಊಟ ಹಾಕ್ಬಿಟ್ಟಿದೆ."

"ಬೇಡ ಅಂದವರಿಗೆ?" ಗಣಪತಿ ಹೋಳಿಗೆಯ ರಾಶಿಯನ್ನೂ ಅವನನ್ನೂ ಒಂದೊಂದು ಸಲ ನೋಡಿ ಅಲ್ಲೇ ಇದ್ದ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು.

ಗುರುಕಿರಣ ಗಡಿಬಿಡಿಯಲ್ಲಿ ಗುಜರಾತಿ ಸಂಖ್ಯೆಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಓಡಿಸಿದ. ಈಗ ಎಪ್ಪತ್ತು ಜನ ಎಂದಿತು. ಗುಜರಾತಿಯಲ್ಲಿ ಎಣಿಸಿದ ಎಳೆಯ ಸಂಸಾರಗಳೆಲ್ಲ ಒಂದೇ ಏಟಿಗೆ ಮಾಯವಾಗಿದ್ದವು. ಇನ್ನೊಂದು ಸಲ ತಿದ್ದಿ ಓಡಿಸಿದಾಗ ಪ್ರೋಗ್ರಾಮ್ ಏನೂ ಹೇಳದೆ ಸುಮ್ಮನೆ ನಿಂತಿತು. ಅಷ್ಟರಲ್ಲಿ ಮಲ್ಲಿಕಾರ್ಜುನ ಕಾಕಾ ಹೂವಿನ ಹಾರ ಹಿಡಿದು ಬಂದರು.

"ಅನಂತರಾಮ ಅವರು ಎಕ್ಸ್‌ಪ್ರೆಸ್‌ವೇದಾಗ ಅದಾರ. ನಿನ್ನ ರಿಪೋರ್ಟ್ ಅವರಿಗೂ ಕಳಿಸೀನಿ, ತಮ್ಮಾ. ಎಷ್ಟು ಜನ ಬರ್ತಾರ, ಲೆಕ್ಕ ಎಷ್ಟು ಸರಿ ಬರ್ತೈತಿ, ತಾವ ಖುದ್ದಾಗಿ ತಾಳೆ ನೋಡ್ತಾರಂತ," ಎಂದರು.

ಗುರುಕಿರಣ ಲ್ಯಾಪ್‌ಟಾಪ್ ಮುಚ್ಚಿದ. ರಾಕೆಟ್ಟಿನ ಲೆಕ್ಕ ನೋಡಿದ ಮನುಷ್ಯ ಬಂದು ಸಾವಿರದ ಇನ್ನೂರು ಎಲೆಗೆ ಇನ್ನೂರು ಜನ ಕೂತದ್ದನ್ನು ನೋಡಿದರೆ ಮಗಳನ್ನು ಕೊಡುವುದಿರಲಿ, ಅವಳು ಬಳಸುವ ಕ್ಯಾಲ್ಕುಲೇಟರನ್ನೂ ಇವನ ಕೈಗೆ ಕೊಡುವುದಿಲ್ಲ. ಅವನು ಕಾಕಾ ಅವರ ಹೆಂಡತಿ ಗಿರಿಜಾ ಕಾಕು ಅವರನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದಂತೆ ಹೇಳಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ.

ಗಿರಿಜಾ ಕಾಕು ಸ್ವಲ್ಪವೂ ಅಲುಗಾಡಲಿಲ್ಲ. "ಊಟ ಹೆಚ್ಚಾದ್ರ ಅಳ್ತಾರೇನೋ ಹುಚ್ಚಪ್ಪಾ? ಉಣ್ಣೋರು ಕಡಿಮಿ ಆಗ್ಯಾರ, ಅಷ್ಟ. ಊರು ತುಂಬ ಮಂದಿ ಅದಾರ," ಎಂದು ಫೋನ್ ತೆಗೆದು ತಮ್ಮ ಸೊಸೈಟಿಯ ಗರ್ಬಾ ಹೆಂಗಸರ ಗುಂಪಿಗೆ ಅಚ್ಚ ಧಾರವಾಡದ ಧಾಟಿಯ ಗುಜರಾತಿಯಲ್ಲಿ, ಬಿಸಿ ಬಿಸಿ ಪೂರಣ್‌ಪೋಳಿ ಇದೆ, ಮನೆಮಂದಿಯೆಲ್ಲ ಬನ್ನಿ ಎಂದು ಹೇಳಿ ಕಳಿಸಿದರು.

ಗರ್ಬಾ ಗುಂಪಿನಿಂದ ಆ ಮಾತು ಬೆಳಗಿನ ವಾಕಿಂಗ್ ಗುಂಪಿಗೆ ಹೋಯಿತು. ಅಲ್ಲಿಂದ ನಗೆ ಕೂಟಕ್ಕೆ, ನಗೆ ಕೂಟದಿಂದ ಪಕ್ಕದ ಮೂರು ಸೊಸೈಟಿಗಳಿಗೆ. ಭಾನುವಾರ ಮಧ್ಯಾಹ್ನ ಏನು ಅಡುಗೆ ಮಾಡುವುದು ಎಂದು ತಲೆ ಕೆಡಿಸಿಕೊಂಡಿದ್ದ ಗೋರ್ವಾದ ಗೃಹಿಣಿಯರಿಗೆ ದೇವರೇ ಕರೆ ಮಾಡಿದಂತಾಯಿತು. ಹನ್ನೆರಡು ಹೊಡೆಯುವಷ್ಟರಲ್ಲಿ ಸ್ಕೂಟರುಗಳು ರಸ್ತೆಯ ತಿರುವಿನ ತನಕ ನಿಂತವು. ಬರುವುದಿಲ್ಲ ಎಂದಿದ್ದ ಕನ್ನಡಿಗರೂ ಗದ್ದಲದ ಸುದ್ದಿ ಕೇಳಿ, ಏನೋ ವಿಶೇಷವಿರಬೇಕು ಎಂದು ಬಂದರು. ಅನಿಲ ಕೂಡ ಬಂದ.

ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಗುರುಕಿರಣ ಇಸ್ತ್ರಿ ಅಂಗಿಯ ತೋಳು ಮಡಚಿ ಸಾಂಬಾರಿನ ಬಕೆಟ್ಟು ಹಿಡಿದು ಓಡಾಡಿದ. ಕುಂದಾಪುರದ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ ಎಂದು ಮಲ್ಲಿಕಾರ್ಜುನ ಕಾಕಾ ವರ್ಷವೂ ಜಗಳ ಕಾಯುತ್ತಿದ್ದರು. ಈ ದಿನ ಗುಜರಾತಿ ಅತಿಥಿಗಳು ಅದನ್ನೇ ಬಟ್ಟಲಲ್ಲಿ ಕೇಳಿ ಕೇಳಿ ಕುಡಿದು, "ಬಹು ಸರಸ್, ಬಹು ಸರಸ್," ಎಂದು ಗಣಪತಿಯವರ ಕೈ ಕುಲುಕಿದರು. ಇಪ್ಪತ್ತು ವರ್ಷದಲ್ಲಿ ಸಂಘದ ಊಟದಲ್ಲಿ ತಮ್ಮ ಸಾಂಬಾರನ್ನು ಯಾರೂ ಹೊಗಳಿರದ ಗಣಪತಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಅನಂತರಾಮ ಬಂದಾಗ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತೆಳ್ಳಗಿನ, ಕನ್ನಡಕದ ಮನುಷ್ಯ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಂಕ್ತಿಗಳ ನಡುವೆ ನಡೆದು ಎಣಿಸಿದರು. ಹಿಂದೆ ಹಳದಿ ಸೀರೆಯಲ್ಲಿ ಅರ್ಚಿತಾ. ಸಾಂಬಾರಿನ ಬಕೆಟ್ಟು ಹಿಡಿದ ಗುರುಕಿರಣನನ್ನು ನೋಡಿ ಅವಳು ನಕ್ಕಳು. ಆ ನಗು ಕೋಸಂಬರಿಯ ಪ್ರಶ್ನೆಗಿಂತ ಉದ್ದವಾಗಿತ್ತು ಎಂದು ಅವನಿಗೆ ಅನಿಸಿತು.

ಅನಂತರಾಮ ಗಣಪತಿಯವರನ್ನು ಕೇಳಿದರು. "ಒಟ್ಟು ಎಷ್ಟು ಎಲೆ ಆಯ್ತು?"

"ಈಗ ಹಾಕಿದ್ದು ಸೇರಿ ಸಾವಿರದ ಇನ್ನೂರು. ಹೊರಗೆ ಇನ್ನೂ ಆರು ಜನ ಇದ್ದಾರೆ."

ಅನಂತರಾಮ ಫೋನಿನಲ್ಲಿದ್ದ ರಿಪೋರ್ಟ್ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ದೋಷಗಳು ಸೊನ್ನೆ ಅಂತ ಬರೆದಿದ್ದೀರಿ. ಅದು ಹೇಗೆ ಸಾಧ್ಯ?"

ಆ ಕ್ಷಣದಲ್ಲಿ ಗುರುಕಿರಣನಿಗೆ ನಿಜ ಹೇಳಬೇಕು ಅನ್ನಿಸಿದ್ದು ಹೌದು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಪ್ಪನ ಭುಜದ ಹಿಂದಿನಿಂದ ಅರ್ಚಿತಾ ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು. ತನ್ನ ಪ್ರೋಗ್ರಾಮಿಗೆ ಕೊಟ್ಟ ಅಪ್ಪಣೆಯನ್ನು ಅವನು ತನಗೂ ಕೊಟ್ಟುಕೊಂಡು ಬಾಯಿ ಮುಚ್ಚಿದ.

"ನಲವತ್ತು ವರ್ಷ ಲೆಕ್ಕ ನೋಡಿದ್ದೀನಿ. ಇಷ್ಟು ನಿಖರವಾದ ರಿಪೋರ್ಟ್ ನೋಡಿರಲಿಲ್ಲ," ಎಂದು ಅನಂತರಾಮ ಅವನ ಹೆಗಲ ಮೇಲೆ ಕೈಯಿಟ್ಟರು. "ಮಲ್ಲಿಕಾರ್ಜುನ ಅವರೇ, ಹುಡುಗ ನಮಗೆ ಒಪ್ಪಿಗೆ."

ಗಿರಿಜಾ ಕಾಕು ಇಂಥ ಮಾತಿಗೆ ಬೆಳಗಿನಿಂದ ಕಾದಿದ್ದವರು. ಹೋಳಿಗೆಯ ತಟ್ಟೆ ಹಿಡಿದು ಹೊರಟೇಬಿಟ್ಟರು. ಕನ್ನಡದವರಿಗೆ ಕನ್ನಡದಲ್ಲಿ, ಗುಜರಾತಿಗಳಿಗೆ ಗುಜರಾತಿಯಲ್ಲಿ, ಹುಡುಗ ಒಪ್ಪಿಗೆಯಾದ ಎಂದು ಬಾಯಿಗೊಂದು ತುಂಡು ಇಡುತ್ತ ಸಾಗಿದರು. ಹಾಲಿನ ತುಂಬ ಚಪ್ಪಾಳೆ ಬಿತ್ತು. ಗುರುಕಿರಣ ಬಗ್ಗಿ ಅನಂತರಾಮರ ಕಾಲು ಮುಟ್ಟಿದ.

"ಒಂದು ದೊಡ್ಡ ಜವಾಬ್ದಾರಿ ನಿಮ್ಮ ಮೇಲೆ ಹಾಕ್ತಿದ್ದೀನಿ," ಎಂದರು ಅನಂತರಾಮ. "ಅರ್ಚಿತಾ ನಮಗೆ ಒಬ್ಬಳೇ ಮಗಳು. ಮದುವೆ ಮುಂದಿನ ತಿಂಗಳೇ ಇಟ್ಕೊಂಡಿದ್ದೀವಿ."

"ಮುಂದಿನ ತಿಂಗಳಾ ಸರ್?" ಎಂದ ಗುರುಕಿರಣ. "ಹಾಸನಕ್ಕೆ ಫೋನ್ ಮಾಡಿ ಮನೆಯವರಿಗೆ ಹೇಳ್ಬೇಕಲ್ಲ."

"ಧಾರಾಳವಾಗಿ ಹೇಳಿ. ಅವರೂ ಬರಲಿ. ಎಷ್ಟು ಜನ ಅಂತ ಒಂದು ಮೆಸೇಜ್ ಹಾಕಿದ್ರೆ ಆಯ್ತು."

ಗುರುಕಿರಣ ಕಣ್ಣು ಪಿಳಿಪಿಳಿ ಬಿಟ್ಟ. "ಎಷ್ಟು ಜನ ಅಂದ್ರೆ?"

"ಅದಕ್ಕೇ ಅಲ್ವೇ ನಾನು ನಿಮ್ಮನ್ನ ನೋಡೋಕೆ ಅಷ್ಟು ದೂರದಿಂದ ಬಂದದ್ದು," ಎಂದರು ಅನಂತರಾಮ. "ನಮ್ಮ ಅಳಿಯ ಆಗೋ ಅಮೃತ್ ಸೂರತ್ತಿನವರು. ಅವರ ಕಡೆಯಿಂದಲೇ ಎರಡು ಸಾವಿರ ಜನ ಆಗ್ತಾರೆ. ನಮ್ಮ ಕಡೆಯವರು ಬೇರೆ. ಯಾರು ಬರ್ತಾರೆ, ಯಾರು ಬರಲ್ಲ ಅನ್ನೋ ರಿಪೋರ್ಟ್ ಪೂರ್ತಿ ನಿಮ್ಮದೇ. ಇಂಥ ಹುಡುಗ ಬೇರೆಲ್ಲಿ ಸಿಗ್ತಾನೆ?"

ಹಿಂದಿನಿಂದ ಯಾರೋ ಗುಜರಾತಿ ಹಿರಿಯರು ಬಂದು ಗುರುಕಿರಣನನ್ನು ತಬ್ಬಿ ಅಭಿನಂದಿಸಿ ಹೋದರು. ಅವನು ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡ. ಈಗಲಾದರೂ ನಿಜ ಹೇಳಿ ಪಾರಾಗೋಣ ಎಂದುಕೊಂಡ.

"ಸರ್, ನಿಮ್ಮಾಣೆ, ನನ್ನ ಪ್ರೋಗ್ರಾಮ್ ಪೂರ್ತಿ ತಪ್ಪು. ಬೇಡ ಅಂದೋರನ್ನೆಲ್ಲ ಎಣಿಸಿಬಿಟ್ಟಿದೆ. ಇವರ್ಯಾರೂ ಬರಬೇಕಾದವರೇ ಅಲ್ಲ."

ಅನಂತರಾಮ ಮಲ್ಲಿಕಾರ್ಜುನರ ಕಡೆ ತಿರುಗಿ ಮೆಚ್ಚಿಕೆಯಿಂದ ತಲೆಯಾಡಿಸಿದರು. "ನೋಡಿದ್ರಾ ವಿನಯ? ನಿಜವಾದ ಇಂಜಿನಿಯರ್ ಯಾವತ್ತೂ ಹೀಗೇ ಮಾತಾಡೋದು."

"ಬಂಗಾರ ಅಂತ ನಾ ಮೊದಲ ಹೇಳಿದ್ದೆ ಅಲ್ರೀ," ಎಂದರು ಮಲ್ಲಿಕಾರ್ಜುನ ಕಾಕಾ.

ಅರ್ಚಿತಾ ಹತ್ತಿರ ಬಂದಳು. ಅವಳ ಮುಖದಲ್ಲಿ ನಿಜಕ್ಕೂ ಚಿಂತೆಯಿತ್ತು. "ಗುರುಕಿರಣ್, ಒಂದೇ ಡೌಟು. ಅಮೃತ್ ಸೈಡಿನವರೆಲ್ಲ ಗುಜರಾತಿಯಲ್ಲೇ ಮೆಸೇಜ್ ಹಾಕ್ತಾರೆ. ನಿಮ್ಮ ಪ್ರೋಗ್ರಾಮಿಗೆ ಗುಜರಾತಿ ಬರುತ್ತಾ?"

ಗುರುಕಿರಣ ಖಾಲಿಯಾದ ಸಾಂಬಾರಿನ ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟ.

"ಬರುತ್ತೆ," ಎಂದ. "ಸ್ವಲ್ಪ ಜಾಸ್ತಿನೇ ಬರುತ್ತೆ."