ಕಣ್ಣು ಮುಚ್ಚಿದ ಟ್ಯಾಬ್

ಎಲ್ಲದಕ್ಕೂ ಮೂಲ ಒಂದು ಸ್ಟಿಕ್ಕರ್. ಕಿರುಬೆರಳಿನ ಉಗುರಿನಷ್ಟಗಲದ, ಹಳದಿ ಬಣ್ಣದ, ಮೂಲೆ ಮಡಚಿಕೊಂಡಿದ್ದ ಸ್ಟಿಕ್ಕರ್. ಅದು ಭೂಗೋಳದ ಮೇಷ್ಟ್ರ ಟ್ಯಾಬಿಗೆ ಅಂಟಿಕೊಂಡಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಹಾಳಾದ್ದು ಹೋಗಿ ಹೋಗಿ ವಿಜ್ಞಾನದ ಮೇಡಂ ಟ್ಯಾಬಿಗೆ ಅಂಟಿಕೊಂಡಿತ್ತು.

ಭೂಗೋಳದ ಮೇಷ್ಟ್ರು ಕೆಟ್ಟವರಲ್ಲ. ಆದರೆ ಅನುಮಾನ ಅವರ ಜೊತೆಗೇ ಹುಟ್ಟಿ ಜೊತೆಗೇ ಬೆಳೆದದ್ದು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವರು, ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾನೆ ಎನ್ನುವರು. ಗೋಡೆಯ ಮೇಲಿನ ನಕ್ಷೆಯ ನದಿಯನ್ನೂ ಅವರು ನಂಬಿದವರಲ್ಲ. "ಇವತ್ತು ಇಲ್ಲಿ ಹರೀತಿದೆ, ನಾಳೆ ಎತ್ತ ತಿರುಗುತ್ತೋ ಯಾರು ಕಂಡೋರು? ಹೌದೋ ಅಲ್ವೋ?" ಎಂದು ಮಕ್ಕಳನ್ನು ಕೇಳುವರು. ಮಕ್ಕಳು "ಹೌದು ಸಾರ್" ಎಂದರೆ, ಇಷ್ಟು ಬೇಗ ಯಾಕೆ ಒಪ್ಪಿಕೊಂಡರು ಎಂದು ಅದಕ್ಕೂ ಅನುಮಾನ.

ಆ ದಿನ ಬೆಳಿಗ್ಗೆ ಅವರ ಹೆಂಡತಿ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ ಕೊನೆಯ ಎಚ್ಚರಿಕೆ ಕೊಟ್ಟಿದ್ದರು.

"ನೋಡಿ, ಮೊಮ್ಮಗಳು ಹುಟ್ಟಿ ಎಷ್ಟು ದಿನ ಆಯ್ತು! ನೀವು ಇನ್ನೂ ಫೋನಲ್ಲೇ ಮುಖ ನೋಡ್ತಿದೀರಿ. ಆ ಮಗು ತಾತ ಅಂದ್ರೆ ಅಂಗೈಯಗಲದ ಗಾಜಿನೊಳಗೆ ಇರೋ ಪ್ರಾಣಿ ಅಂದ್ಕೊಂಡಿರುತ್ತೆ. ಈ ರಜೆಗೂ ಸ್ಕೂಲು ಅಂತ ಉಳ್ಕೊಂಡ್ರೋ, ಹೋಗೋಳು ನಾನೊಬ್ಬಳೇ. ವಾಪಸ್ ಬರೋದು ಬಿಡೋದು ನನ್ನಿಷ್ಟ."

"ಬಂದೇ ಬರ್ತೀನಿ ಕಣೇ. ತಾತ ಅಂದ್ಮೇಲೆ ಒಂದ್ಸಲನಾದ್ರೂ ಎತ್ಕೋಬೇಕು. ಹೌದೋ ಅಲ್ವೋ?"

"ನನ್ನೇನು ಕೇಳ್ತೀರಿ ಹೌದೋ ಅಲ್ವೋ ಅಂತ? ನಾನೇನು ನಿಮ್ಮ ಎಂಟನೇ ಕ್ಲಾಸಾ?"

"ನಾನೆಲ್ಲಿ ಹಾಗಂದೆ?" ಎನ್ನುತ್ತಾ ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಹಾಗೆ ಅಂದದ್ದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸ್ಟಾಫ್ ರೂಮಿಗೆ ಕಾಲಿಟ್ಟರೆ ಉದ್ದ ಮೇಜಿನ ತಲೆಯಲ್ಲಿ ಹೆಡ್‌ಮೇಡಂ ಆಗಲೇ ನಿಂತಿದ್ದರು. ಅವರು ನಿಂತು ಮಾತಾಡಿದರೆ ಹೊಸ ಯೋಜನೆ ಬಂತು ಎಂದೇ ಅರ್ಥ.

"ಹೋದ ವಾರ ನೀವೆಲ್ಲ ಒಂದೇ ಪಾಠ ಮಾಡಿದ್ರಿ, 'ಪರೀಕ್ಷೆ ಬರೆಯೋದು ಹೇಗೆ' ಅಂತ. ಕಾಲರ್ ಮೈಕ್ ಹಾಕ್ಕೊಂಡು ನಾನೂ ಮಾಡಿದೆ. ಎಲ್ಲಾ ರೆಕಾರ್ಡ್ ಆಗಿದೆ. ಇವತ್ತು ಒಬ್ಬೊಬ್ಬರೂ ಇನ್ನೊಬ್ಬರ ಪಾಠ ಕೇಳಿ ಐವತ್ತಕ್ಕೆ ಅಂಕ ಕೊಡಬೇಕು. ಕೂಡಿ ಕಲಿಯೋಣ, ಕೂಡಿ ಕಲಿಸೋಣ."

ಕಂಪ್ಯೂಟರ್ ಮೇಷ್ಟ್ರು, ಸದಾ ಕೊರಳಿಗೆ ಚಾರ್ಜರ್ ವೈರು ನೇತುಹಾಕಿಕೊಂಡು ಓಡಾಡುವ ತರುಣ, ಎದ್ದು ನಿಂತ. "ಯಾರ ದನಿ ಅಂತ ಗೊತ್ತಾಗದ ಹಾಗೆ ಬದಲಾಯಿಸಿದೀನಿ. ಕೇಳಿ."

ಒಂದು ದನಿ ಹೊರಟಿತು. ನೆಗಡಿಯಾದವರು ನೀರಿನ ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗಿತ್ತು. ಗಂಡೋ ಹೆಣ್ಣೋ ಆ ಬ್ರಹ್ಮನಿಗೇ ಗೊತ್ತು.

"ಎಲ್ಲರಿಗಿಂತ ಕಡಿಮೆ ಅಂಕ ಬಂದೋರಿಗೆ," ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡರು, "ರಜೆ ಪೂರ್ತಿ ಇಲ್ಲೇ ತರಬೇತಿ. ಇನ್ನೊಂದು ನಿಯಮ ಇದೆ, ಅದನ್ನ ಸಂಜೆ ಹೇಳ್ತೀನಿ."

ಭೂಗೋಳದ ಮೇಷ್ಟ್ರು ಊಟದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಕಿರುಪರೀಕ್ಷೆಯಲ್ಲಿ ಅವರ ತರಗತಿಯದೇ ಕಟ್ಟಕಡೆಯ ಸ್ಥಾನವೆಂದು ನೋಟಿಸ್ ಬೋರ್ಡು ನಾಲ್ಕು ದಿನದಿಂದ ಸಾರುತ್ತಿತ್ತು. ರಜೆ ಎಂದರೆ ಮೊಮ್ಮಗಳು. ತರಬೇತಿ ಎಂದರೆ ಹೆಂಡತಿಯ ಚೀಲ ಒಂಟಿಯಾಗಿ ಬಸ್ಸು ಹತ್ತುವುದು. ಅಲ್ಲದೆ, ಹೇಳದೆ ಉಳಿಸಿಕೊಂಡ ಆ ಇನ್ನೊಂದು ನಿಯಮ! ಒಳ್ಳೆಯ ನಿಯಮವಾಗಿದ್ದರೆ ಬೆಳಿಗ್ಗೆಯೇ ಹೇಳುತ್ತಿರಲಿಲ್ಲವೇ?

ಕಂಪ್ಯೂಟರ್ ಮೇಷ್ಟ್ರು ಟ್ಯಾಬುಗಳನ್ನು ಹಂಚುತ್ತಾ ಬಂದ. ಎಲ್ಲರಿಗೂ ರಾಶಿಯ ಮೇಲಿನಿಂದ ತೆಗೆದುಕೊಟ್ಟವನು ಭೂಗೋಳದ ಮೇಷ್ಟ್ರ ಹತ್ತಿರ ಬಂದಾಗ ಅಡಿಯಿಂದ ಒಂದನ್ನು ಎಳೆದ. ಎಳೆದು ಕೊಟ್ಟು, ಕಣ್ಣು ಮಿಟುಕಿಸಿದ.

ಪಕ್ಕದಲ್ಲಿ ಕೂತಿದ್ದವರು ಗಣಿತದ ಮೇಷ್ಟ್ರು. ಜಗತ್ತಿನ ಯಾವ ವಿಷಯವನ್ನಾದರೂ 'ಆದ್ದರಿಂದ'ದವರೆಗೆ ತಂದು ಅಲ್ಲೇ ಬಿಟ್ಟುಬಿಡುವುದು ಅವರ ಪದ್ಧತಿ. ಮುಂದಿನದನ್ನು ಕೇಳಿದವರೇ ಊಹಿಸಿಕೊಂಡು ಒದ್ದಾಡಬೇಕು.

"ನೋಡಿದ್ರಾ?" ಗಣಿತದವರು ಕಿವಿಯಲ್ಲಿ ಉಸುರಿದರು. "ನಮಗೆಲ್ಲ ಮೇಲಿಂದು. ನಿಮಗೆ ಅಡೀದು. ಆದ್ದರಿಂದ…"

"ಆದ್ದರಿಂದ ಏನ್ರೀ?"

"ನಾನೇನೂ ಹೇಳ್ಲಿಲ್ಲಪ್ಪ."

ಮೇಷ್ಟ್ರು ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೇಲಂಚಿನಲ್ಲಿ ಸಾಸಿವೆಕಾಳಿನಂಥ ಕ್ಯಾಮೆರಾ ಕಣ್ಣು ಪಿಳಿಪಿಳಿ ಎನ್ನದೆ ಅವರನ್ನೇ ದಿಟ್ಟಿಸುತ್ತಿತ್ತು. ಎದುರು ಕೂತಿದ್ದ ವಿಜ್ಞಾನದ ಮೇಡಂ ಟ್ಯಾಬಿನ ಕಣ್ಣಿಗೆ ಮಾತ್ರ ಹಳದಿ ಸ್ಟಿಕ್ಕರ್! ಇದೇನಪ್ಪ ಎಂದುಕೊಂಡು ಅವರು ತಮ್ಮ ಟ್ಯಾಬಿನ ಕಣ್ಣಿನ ಮೇಲೆ ಹೆಬ್ಬೆರಳು ಒತ್ತಿದರು. ಒತ್ತಿದ್ದೇ ತಡ, ಟ್ಯಾಬು ಇಡೀ ಕೋಣೆಗೆ ಕೇಳುವಂತೆ ಒದರಿತು:

"ಮುಖ ಕಾಣುತ್ತಿಲ್ಲ. ದಯವಿಟ್ಟು ಮುಖ ತೋರಿಸಿ."

ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಮೇಷ್ಟ್ರು ಗಾಬರಿಯಿಂದ ಅದನ್ನು ಮಡಿಲಿಗೆ ಹಾಕಿಕೊಂಡರು. "ಮುಖ ಕಾಣುತ್ತಿಲ್ಲ," ಎಂದು ಅದು ಅಲ್ಲಿಂದಲೂ ಕೂಗಿತು. ಕರವಸ್ತ್ರ ಹೊದಿಸಿದರೆ ಮುಸುಕಿನೊಳಗಿಂದಲೇ ಇನ್ನೂ ವಿನಯದಿಂದ ಕರೆಯಿತು, "ದಯವಿಟ್ಟು…"

"ತೋರಿಸ್ರೀ ಸಾರ್, ಪಾಪ ಎಷ್ಟು ಕೇಳ್ತಿದೆ," ಎಂದರು ವಿಜ್ಞಾನದ ಮೇಡಂ. ಕೋಣೆ ಘೊಳ್ಳೆಂದಿತು.

ಕಂಪ್ಯೂಟರ್ ಮೇಷ್ಟ್ರು ಓಡಿಬಂದ. "ಕೇಳೋರು ಎಚ್ಚರವಾಗಿದಾರೋ ನಿದ್ದೆ ಹೋದ್ರೋ ಅಂತ ನೋಡುತ್ತೆ ಸಾರ್, ಅಷ್ಟೆ."

"ಮತ್ತೆ ಆ ಮೇಡಂದಕ್ಕೆ ಯಾಕೆ ಮುಚ್ಚಿದೀಯಪ್ಪ?"

"ಅದರ ಕ್ಯಾಮೆರಾ ಒಡೆದಿದೆ ಸಾರ್. ಧೂಳು ಹೋಗದಿರಲಿ ಅಂತ ಅಂಟಿಸಿದೀನಿ."

ಒಡೆದಿದೆಯಂತೆ! ಅವರದೇ ಒಡೆಯಬೇಕೇ? ಮೇಷ್ಟ್ರು ಗಣಿತದವರ ಮುಖ ನೋಡಿದರು. ಗಣಿತದವರು ಸೂರು ನೋಡುತ್ತಾ ಹೇಳಿದರು, "ಅವರದಕ್ಕೆ ಕಣ್ಣು ಮುಚ್ಚಿದೆ. ನಿಮ್ಮದಕ್ಕೆ ತೆರೆದಿದೆ. ಆದ್ದರಿಂದ…"

ಅಷ್ಟರಲ್ಲಿ ಇನ್ನೊಂದು ಕಂಡಿತು. ವಿಜ್ಞಾನದ ಮೇಡಂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ನಿಮಿಷ ಕೇಳಿದವರು, ತಲೆಯೆತ್ತಿ ಭೂಗೋಳದ ಮೇಷ್ಟ್ರನ್ನು ನೋಡಿ ನಕ್ಕರು. ಅದೇನು ಸಾಮಾನ್ಯ ನಗುವೇ? ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳ ಸರಿಸಿ ನಗುವ ನಗು. ನಕ್ಕು, ಟ್ಯಾಬನ್ನು ಅಲ್ಲೇ ಚಾರ್ಜಿಗೆ ಹಾಕಿ ಲ್ಯಾಬಿನ ಕಡೆ ಹೊರಟರು.

ಮೊದಲನೇ ಗಂಟೆ ಹೊಡೆಯಿತು. ಸ್ಟಾಫ್ ರೂಮು ಖಾಲಿಯಾಯಿತು. ಮೇಷ್ಟ್ರಿಗೆ ಆ ಅವಧಿ ಬಿಡುವು.

ಅವರು ಎರಡು ಟ್ಯಾಬುಗಳನ್ನೂ ನೋಡಿದರು. ಅವಳಿ ಜವಳಿ. ಒಂದು ಕಣ್ಣು ಬಿಟ್ಟಿದೆ, ಒಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟದ್ದು ತಾವು ಅಂಕ ಹಾಕುವುದನ್ನೆಲ್ಲ ಹೆಡ್‌ಮೇಡಂಗೆ ಒಪ್ಪಿಸುತ್ತದೆ. ಅದರೊಳಗಿನ ಪಾಠವೂ ತಮ್ಮನ್ನು ಹಳ್ಳಕ್ಕೆ ಕೆಡವಲು ಆರಿಸಿ ಇಟ್ಟದ್ದೇ. ಇಲ್ಲದಿದ್ದರೆ ಅಡಿಯಿಂದ ಯಾಕೆ ಎಳೆದ? ಕಣ್ಣು ಯಾಕೆ ಮಿಟುಕಿಸಿದ? ಮೇಷ್ಟ್ರು ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಗೋಡೆಯ ಗಡಿಯಾರವನ್ನೂ ಒಮ್ಮೆ ಅನುಮಾನದಿಂದ ನೋಡಿದರು. ಆಮೇಲೆ ಚಾರ್ಜರಿನ ಪಿನ್ನು ಮೇಡಂ ಟ್ಯಾಬಿನಿಂದ ಕಿತ್ತು ತಮ್ಮದಕ್ಕೆ ಚುಚ್ಚಿ, ಸ್ಟಿಕ್ಕರಿನ ಟ್ಯಾಬನ್ನು ಅಂಗಿಯೊಳಗೆ ತೂರಿಸಿಕೊಂಡು, ಹೊಟ್ಟೆನೋವು ಬಂದವರ ಹಾಗೆ ಬಗ್ಗಿ ನಡೆಯುತ್ತಾ ನಕ್ಷೆಗಳ ಕೋಣೆ ಸೇರಿ ಚಿಲಕ ಹಾಕಿಕೊಂಡರು.

ಇಯರ್‌ಫೋನ್ ಇಟ್ಟು ಒತ್ತಿದರು. ಡ್ರಮ್ಮಿನೊಳಗಿನ ನೆಗಡಿ ದನಿ ಶುರುವಾಯಿತು:

"ಮಕ್ಕಳೇ, ಉತ್ತರ ಪತ್ರಿಕೆ ಅಂದ್ರೆ ಅಂಗಡಿ ಇದ್ದ ಹಾಗೆ. ಒಳ್ಳೇ ಮಾಲು ಮುಂದೆ ಇಡಬೇಕು. ಹೌದೋ ಅಲ್ವೋ?"

ಮೇಷ್ಟ್ರು ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ಅರೆ! ಇದು ನನ್ನ ಮಾತು! ಹದಿನೈದು ವರ್ಷದಿಂದ ನಾನು ಹೇಳಿಕೊಂಡು ಬಂದ ಅಂಗಡಿ! ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದ್ದೆ. ಆಗ ಯಾರೋ ಕಿವಿಯಾನಿಸಿ ಕದ್ದುಬಿಟ್ಟಿದ್ದಾರೆ!

ಮುಂದೆ ಕೇಳಿದರು. ಬರೆಯುವ ಮೊದಲು ಪ್ರಶ್ನೆಪತ್ರಿಕೆಯನ್ನು ಅನುಮಾನದಿಂದ ಓದಬೇಕು ಎಂಬುದೂ ಬಂತು. ಅದೂ ತಮ್ಮದೇ. ಸುಲಭದ ಪ್ರಶ್ನೆಯ ಹಿಂದೆ ಸಂಚಿರುತ್ತದೆ ಎಂಬುದೂ ಬಂತು. ಅದಂತೂ ಅಪ್ಪಟ ತಮ್ಮದೇ. ಕಳ್ಳತನವಾದರೂ ಅಚ್ಚುಕಟ್ಟಾಗಿದೆಯೇ? ಅದೂ ಇಲ್ಲ. ಪ್ರತಿ ಮಾತಿನ ತುದಿಗೆ ಒಂದು 'ಹೌದೋ ಅಲ್ವೋ'! ಬಾಲವಿಲ್ಲದ ವಾಕ್ಯವೇ ಇಲ್ಲ. ನಡುವೆ ಯಾರೋ ಹುಡುಗಿ ಸಂದೇಹ ಕೇಳಿದರೆ, "ಇದನ್ನ ಕೇಳು ಅಂತ ನಿನಗೆ ಯಾರು ಹೇಳಿಕೊಟ್ರು?" ಎಂಬ ಉತ್ತರ. ಥೂ, ಇವರನ್ನೂ ಮೇಷ್ಟ್ರು ಅನ್ನಬೇಕಲ್ಲ!

ಮೇಷ್ಟ್ರ ರಕ್ತ ಕುದಿಯಿತು. ಜೊತೆಗೊಂದು ಲೆಕ್ಕವೂ ಹೊಳೆಯಿತು: ಈ ಕಳ್ಳನಿಗೆ ಪಾತಾಳದ ಅಂಕ ಕೊಟ್ಟರೆ ತಾವು ಕಡೆಯವರಾಗುವ ಭಯವೇ ಇಲ್ಲ. ಐವತ್ತಕ್ಕೆ ಎರಡು ಹಾಕಿದರು. ಆ ಎರಡು ಕೂಡ ಅಂಗಡಿಯ ಮಾತಿಗೆ. ಎಷ್ಟಾದರೂ ತಮ್ಮ ಸ್ವಂತದ್ದಲ್ಲವೇ? ಕೆಳಗೆ ಮನಸಾರೆ ಬರೆದರು: 'ಈ ಶಿಕ್ಷಕರು ತಮ್ಮ ಪಾಠವನ್ನು ಒಮ್ಮೆ ತಾವೇ ಕೂತು ಕೇಳಿದ್ದರೆ ಎಂದೋ ಕೆಲಸ ಬಿಟ್ಟು ಹೋಗುತ್ತಿದ್ದರು.'

ಸಹಿ ಮಾಡದೆ ಮುಂದೆ ಹೋಗುವುದಿಲ್ಲ ಎಂದಿತು ಟ್ಯಾಬು. ಮೇಷ್ಟ್ರು ತೋರುಬೆರಳಿನಿಂದ, ಪರದೆ ತುಂಬುವಂಥ ಸಹಿ ಎಳೆದರು.

ಸಂಜೆ ಕೊನೆಯ ಗಂಟೆಯಾದ ಮೇಲೆ ಎಲ್ಲರೂ ಸ್ಮಾರ್ಟ್ ಬೋರ್ಡಿನ ಕೋಣೆಯಲ್ಲಿ ಸೇರಿದರು. ಹೆಡ್‌ಮೇಡಂ ಮುಖ ಕೆಂಪೇರಿ ಹೊಳೆಯುತ್ತಿತ್ತು.

"ಮೊದಲು ಸಂತೋಷದ ವಿಷಯ. ಅತಿ ಹೆಚ್ಚು ಅಂಕ ಬಂದಿರೋದು… ಹೇಳೋಕೆ ನಾಚಿಕೆ ಆಗುತ್ತೆ… ನನ್ನ ಪಾಠಕ್ಕೇ. ಯಾರದು ಅಂತ ತಿಳೀದೆ, ತಪ್ಪು ಒಪ್ಪು ಎರಡೂ ಎಷ್ಟು ಚಂದ ಬರೆದಿದಾರೆ ವಿಜ್ಞಾನದ ಮೇಡಂ! ಈ ಸಲದ ರಜೆಯ ಕೆಲಸಗಳಿಂದೆಲ್ಲ ಅವರಿಗೆ ಬಿಡುಗಡೆ."

ಕಂಪ್ಯೂಟರ್ ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ಭೂಗೋಳದ ಮೇಷ್ಟ್ರ ಕಿವಿಗೆ ಬಾಗಿದ. "ಸಾರ್, ಅದು ಅವರ ಹತ್ತಿರ ಹೇಗೆ ಹೋಯ್ತು? ಹೆಡ್‌ಮೇಡಂ ಪಾಠ ನಿಮಗೇ ಸಿಗಲಿ, ಅಂಕ ನೋಡಿ ಅವರು ಖುಷಿಯಾಗಿ ನಿಮಗೆ ರಜೆ ಬಿಡಲಿ ಅಂತ ಅಡಿಯಲ್ಲಿ ಇಟ್ಟಿದ್ದೆ. ಮೊಮ್ಮಗಳನ್ನ ನೋಡಬೇಕು ಅಂತಿದ್ರಲ್ಲ… ಕಣ್ಣು ಬೇರೆ ಮಿಟುಕಿಸಿದ್ದೆ!"

ಮೇಷ್ಟ್ರು ಮೇಜಿನ ಮೇಲಿನ ಹಳದಿ ಸ್ಟಿಕ್ಕರನ್ನು ನೋಡಿದರು.

"ಇನ್ನು ಅತಿ ಕಡಿಮೆ," ಹೆಡ್‌ಮೇಡಂ ಬೋರ್ಡು ಮುಟ್ಟಿದರು. 'ಐವತ್ತಕ್ಕೆ ಎರಡು' ಎಂದು ಮೂಡಿತು. ಕೆಳಗಿನ ಮಾತನ್ನು ಅವರು ಗಟ್ಟಿಯಾಗಿ ಓದಿದಾಗ ಗಣಿತದವರು ಕುರ್ಚಿಯಿಂದ ಜಾರುವಷ್ಟು ನಕ್ಕರು. "ಈಗ ನಾನು ಬೆಳಿಗ್ಗೆ ಹೇಳದೇ ಇದ್ದ ನಿಯಮ. ತಪ್ಪು ಎತ್ತಿ ತೋರಿಸೋದು ಸುಲಭ. ಅದಕ್ಕೇ, ಅಂಕ ಕೊಟ್ಟೋರೇ ರಜೆ ಪೂರ್ತಿ ಕೂತು ತಿದ್ದಬೇಕು. ಇದನ್ನ ಬರೆದೋರು ಭೂಗೋಳದ ಮೇಷ್ಟ್ರು. ಏಳಿ ಸಾರ್."

ಮೇಷ್ಟ್ರು ಎದ್ದರು. ರಜೆಯಂತೂ ಕೈಬಿಟ್ಟಿತ್ತು. ಆದರೂ ಆ ಕಳ್ಳನ ಮುಖವನ್ನಾದರೂ ನೋಡಿಬಿಡೋಣ ಎಂಬ ಛಲವೊಂದು ಉಳಿದಿತ್ತು.

"ಪಾಠ ಮಾಡಿದೋರೂ ಏಳಿ," ಎಂದರು ಹೆಡ್‌ಮೇಡಂ.

ಯಾರೂ ಏಳಲಿಲ್ಲ.

ಹೆಡ್‌ಮೇಡಂ ಬೋರ್ಡಿನ ಮೇಲೆ ಇನ್ನೊಮ್ಮೆ ಬೆರಳಿಟ್ಟರು. ನೆಗಡಿ ಕಳಚಿತು, ಡ್ರಮ್ಮು ಕಳಚಿತು, ಕೋಣೆಯ ತುಂಬ ಶುದ್ಧವಾದ, ಎಲ್ಲರಿಗೂ ಪರಿಚಯವಿದ್ದ ದನಿ ಮೊಳಗಿತು: "ಒಳ್ಳೇ ಮಾಲು ಮುಂದೆ ಇಡಬೇಕು. ಹೌದೋ ಅಲ್ವೋ?"

ಮೇಷ್ಟ್ರು ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಅದು ಮುಚ್ಚಿಯೇ ಇತ್ತು.

"ಅಯ್ಯೋ ಸಾರ್," ವಿಜ್ಞಾನದ ಮೇಡಂ ಮರುಗಿದರು, "ಬೆಳಿಗ್ಗೆ ಅದು ನನ್ನ ಟ್ಯಾಬಲ್ಲೇ ಇತ್ತು! ಒಂದೇ ಮಾತಿಗೆ ನೀವೇ ಅಂತ ಗುರುತು ಸಿಕ್ತು. ಅಂಗಡಿ ಮಾತು ಎಷ್ಟು ಚೆನ್ನಾಗಿದೆ, ನಲವತ್ತಾದರೂ ಕೊಡೋಣ ಅಂತ ನಿಮ್ಮನ್ನ ನೋಡಿ ನಕ್ಕೆನಲ್ಲ! ಲ್ಯಾಬಿಂದ ಬಂದು ನೋಡಿದ್ರೆ ಸ್ಟಿಕ್ಕರೂ ಇರಲಿಲ್ಲ, ಪಾಠವೂ ಬದಲಾಗಿತ್ತು."

"ಅದು ಹೇಗೆ ಬದಲಾಯ್ತು?" ಹೆಡ್‌ಮೇಡಂ ಹುಬ್ಬು ಗಂಟಾಯಿತು. ಅವರ ದೃಷ್ಟಿ ಮೇಜಿನ ಮೇಲಿನ ಟ್ಯಾಬುಗಳ ಮೇಲೆ ಹರಿದಾಡಿತು.

ಹೇಗೆಂದು ಹೇಳಿದರೆ ಇನ್ನೊಬ್ಬರ ಟ್ಯಾಬನ್ನು ಅಂಗಿಯೊಳಗೆ ಸಾಗಿಸಿದ ಸಂಗತಿಯೂ ಹೊರಬೀಳಬೇಕು. ಮೇಷ್ಟ್ರು ಕೆಮ್ಮಿದರು. "ಮಿಷಿನ್ನು ಮೇಡಂ… ಮಿಷಿನ್ನನ್ನ ನಂಬಕ್ಕಾಗಲ್ಲ. ಹೌದೋ…" ಎಂದವರು ಹಲ್ಲು ಕಚ್ಚಿ ಉಳಿದದ್ದನ್ನು ನುಂಗಿದರು.

"ಇರಲಿ, ನಿಯಮ ನಿಯಮವೇ. ರಜೆಯಲ್ಲಿ ಇಬ್ಬರೂ ಬನ್ನಿ. ದಿನಾ ಇಬ್ಬರ ಹಾಜರಿಯೂ ಬೇಕು," ಎಂದು ಹೆಡ್‌ಮೇಡಂ ಸಭೆ ಮುಗಿಸಿದರು.

ಗಣಿತದವರು ಹೊರಡುವಾಗ ಹೆಗಲು ತಟ್ಟಿದರು. "ಕಲಿಯೋರೂ ನೀವೇ, ಕಲಿಸೋರೂ ನೀವೇ. ಆದ್ದರಿಂದ…"

ಈ ಸಲ ಮುಂದಿನದನ್ನು ಮೇಷ್ಟ್ರು ಕೇಳಲಿಲ್ಲ.

ಗೇಟಿನ ಬಳಿ ಫೋನು ಹೊಡೆದುಕೊಂಡಿತು. "ಏನ್ರೀ, ರಜೆ ಗ್ಯಾರಂಟಿ ತಾನೇ? ನಿಮ್ಮ ಬಟ್ಟೆನೂ ಚೀಲಕ್ಕೆ ಹಾಕ್ಲಾ?"

"ಬೇಡ ಕಣೇ," ಮೇಷ್ಟ್ರ ದನಿ ಡ್ರಮ್ಮಿನೊಳಗಿಂದ ಬಂದಂತಿತ್ತು. "ಒಬ್ಬ ಮೇಷ್ಟ್ರಿಗೆ ತರಬೇತಿ ಕೊಡೋ ಕೆಲಸ ಬಂದಿದೆ. ರಜೆ ಪೂರ್ತಿ."

"ಅವನ್ಯಾರ್ರೀ ಅಂಥ ಮಹಾನುಭಾವ, ರಜೇಲಿ ಬಂದು ವಕ್ಕರಿಸ್ತಿರೋನು?"

"ಇದಾನೆ ಒಬ್ಬ. ನಕ್ಕರೂ ಅನುಮಾನ, ನಗದಿದ್ರೂ ಅನುಮಾನ. ಒಳ್ಳೇದು ಮಾಡೋಕೆ ಬಂದೋರನ್ನೂ ನಂಬಲ್ಲ. ಆಡಿದ್ದೇ ಆಡ್ತಾನೆ, ಆಡಿದ್ದು ಅವನಿಗೇ ಗೊತ್ತಿರಲ್ಲ."

ಅತ್ತಲಿಂದ ಒಂದು ನಿಟ್ಟುಸಿರು ಕೇಳಿತು. ಇಷ್ಟು ಹೊತ್ತಿಗೆ ಹೆಂಡತಿಯ ಕೋಪವೂ ಕರಗಿದಂತಿತ್ತು.

"ಅಯ್ಯೋ ಪಾಪ," ಎಂದರು ಆಕೆ. "ಅಂಥೋನನ್ನ ಕಟ್ಕೊಂಡು ಯಾವ ಪುಣ್ಯಾತ್ಗಿತ್ತಿ ಬಾಳ್ತಿದಾಳೋ!"