ಕತ್ತಲೆ ಕೇಳಲು ಪಂಚಾಯತಿಗೆ ಹೋದ ಅಜ್ಜ

ಫೋನ್ ಯಾರದ್ದೇ ಬರಲಿ, ನನ್ನ ಅಜ್ಜ ಮೊದಲು ಕೇಳುವುದು, "ಅಲ್ಲಿ ಮೋಡ ಉಂಟಾ?" ಮಗು ಹುಟ್ಟಿದ ಸುದ್ದಿ ಹೇಳಲು ಮಾವ ಮಸ್ಕತ್‌ನಿಂದ ಫೋನ್ ಮಾಡಿದಾಗಲೂ, ಗಂಡೋ ಹೆಣ್ಣೋ ಎಂಬ ಪ್ರಶ್ನೆ ಬಂದದ್ದು ಮೋಡದ ವಿಚಾರ ಮುಗಿದ ಮೇಲೆಯೇ. ಬೆಳುವಾಯಿಯ ನಮ್ಮ ಮನೆಯ ತಾರಸಿಯಲ್ಲಿ ಅಜ್ಜನೇ ಕಟ್ಟಿದ ಖಗೋಳ ವೀಕ್ಷಣಾಲಯ ಉಂಟು. ಈ ಸುತ್ತಮುತ್ತಲಿಗೆ ಅದೇ ಮೊದಲನೆಯದು. ಎರಡನೆಯದನ್ನು ಇನ್ನೂ ಯಾರೂ ಕಟ್ಟಿಲ್ಲ. ಅಂಥ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಕನ್ನಡಿ

ಆಗ ಅಜ್ಜನಿಗೆ ಮೆಲ್ಕಾರಿನಲ್ಲಿ ಹೋಟೆಲಿತ್ತು. ದೂರದರ್ಶಕದ ಕನ್ನಡಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂತೇ ಮಾಡಿದರಂತೆ. ದಪ್ಪ ಗಾಜಿನ ಬಿಲ್ಲೆಯ ಮೇಲೆ ಇನ್ನೊಂದನ್ನಿಟ್ಟು, ನಡುವೆ ಪುಡಿ, ನೀರು ಹಾಕಿ, ತಿಂಗಳುಗಟ್ಟಲೆ ಉಜ್ಜುವುದು. ದಿನಾ ನೋಡುತ್ತಿದ್ದ ಗಿರಾಕಿಯೊಬ್ಬರು ಕೊನೆಗೆ ತಡೆಯಲಾರದೆ ಹೇಳಿದರಂತೆ, "ಸಾಕು ಶೆಟ್ರೇ, ಇಷ್ಟು ನುಣ್ಣಗೆ ಬೇಡ. ಚಟ್ನಿ ಸ್ವಲ್ಪ ತರಿತರಿ ಇದ್ರೇ ರುಚಿ."

೨. ಮಾಡು

ವೀಕ್ಷಣಾಲಯದ ತಗಡಿನ ಮಾಡು, ಅಂದರೆ ಛಾವಣಿ, ಗೇಟಿನ ಚಕ್ರಗಳ ಮೇಲೆ ಹಿಂದಕ್ಕೆ ಸರಿಯುತ್ತದೆ. ಕಟ್ಟಿ ಮುಗಿದ ದಿನ ಪಕ್ಕದ ಮನೆಯ ದೊಡ್ಡಮ್ಮ ಬಂದು ಅದನ್ನು ಮತ್ತೆ ಮತ್ತೆ ಎಳೆಸಿ ನೋಡಿದರಂತೆ. ವಿಜ್ಞಾನದಲ್ಲಿ ಇಷ್ಟು ಆಸಕ್ತಿಯೇ ಎಂದು ಅಜ್ಜ ಉಬ್ಬಿಹೋದರು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಒಣಗಿಸಲು ಹಲಸಿನ ಹಪ್ಪಳ, ಚಾಪೆ ಸಮೇತ ಹಾಜರು. ಮಳೆ ಹನಿದರೆ ಮಾಡು ಎಳೆದರಾಯಿತಲ್ಲ! ಅಂದಿನಿಂದ ಹಗಲು ಹಪ್ಪಳಕ್ಕೆ, ಗ್ರಹಗಳಿಗೆ ಸಂಜೆಯ ಪಾಳಿ.

೩. ಕತ್ತಲೆ

ಈಚೆಗೆ ನಮ್ಮ ದಾರಿಗೆ ಬೀದಿದೀಪ ಮಂಜೂರಾಯಿತು. ಕಂಬ ಮನೆಯ ಎದುರೇ. ಅದು ಉರಿದರೆ ಅಜ್ಜನ ಆಕಾಶ ಮುಗಿದ ಹಾಗೆ. ಅವರು ಪಂಚಾಯತಿಗೆ ಹೊರಟರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಚೆನ್ನಾಗಿ ಮಾತಾಡ್ತಾಳೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ನಾನು ನಮಸ್ಕಾರ ಎಂದೆ. ಅಲ್ಲಿಗೆ ನನ್ನ ಮಾತು ಮುಗಿಯಿತು.

ನಮ್ಮ ವಾರ್ಡಿನ ಸದಸ್ಯರಿಗೆ ನಂಬಲಾಗಲಿಲ್ಲ. "ಲೈಟ್ ಬೇಕು ಅಂತ ಜಗಳಕ್ಕೆ ಬರ್ತಾರೆ ಮಾರಾಯ್ರೆ. ಬೇಡ ಅಂತ ಬಂದವರು ನೀವೊಬ್ಬರೇ."

ಒಮ್ಮೆ ಬಂದು ನೋಡಿ, ಮತ್ತೆ ನೀವು ಹೇಳಿದ ಹಾಗೆ ಎಂದರು ಅಜ್ಜ.

ಅಂದೇ ಕತ್ತಲಾಗುತ್ತಲೇ ಸದಸ್ಯರು ಬಂದರು. ಅಜ್ಜ ಶನಿಗ್ರಹ ಹಿಡಿದು ಕೊಟ್ಟರು. ಆದರೆ ಗಾಬರಿಯಲ್ಲಿ ವಿವರಿಸುವುದು ಬಿಟ್ಟು ಮಾಡಿನ ಚಕ್ರ ಒರೆಸತೊಡಗಿದರು. ಹೇಗೋ ನಾನೇ ಬಾಯಿಬಿಟ್ಟು ಉಂಗುರದ ಬಗ್ಗೆ ಹೇಳಿದೆ, ಅಜ್ಜ ಕೈಯಾರೆ ಉಜ್ಜಿದ ಕನ್ನಡಿಯ ಬಗ್ಗೆಯೂ ಹೇಳಿದೆ. ಸದಸ್ಯರು ಬಹಳ ಹೊತ್ತು ದೂರದರ್ಶಕದಿಂದ ಕಣ್ಣು ತೆಗೆಯಲಿಲ್ಲ. ನಮ್ಮ ಊರಲ್ಲಿ ಇಂಥದ್ದು ಉಂಟೆಂದು ಗೊತ್ತೇ ಇರಲಿಲ್ಲ ಎಂದು ಅಜ್ಜನ ಕೈ ಹಿಡಿದರು. ಅಲ್ಲೇ ನಿಂತು ಫೋನ್ ಮಾಡಿ ಕಂಬ ರದ್ದು ಮಾಡಿಸಿದರು. ಅಜ್ಜನ ಮುಖ ನೋಡಬೇಕಿತ್ತು.

ಇಳಿದುಹೋಗುವಾಗ ಸದಸ್ಯರು ಅಂಗಳದಲ್ಲಿ ಎಡವಿದರು. ಸಾವರಿಸಿಕೊಂಡು ತಿರುಗಿ ನಿಂತರು.

"ನಾಳೆ ಮನೆಯವರನ್ನೆಲ್ಲ ಕರ್ಕೊಂಡು ಬರ್ತೇನೆ ಶೆಟ್ರೇ. ಆದ್ರೆ ದಾರಿಯಲ್ಲಿ ಭಾರೀ ಕತ್ತಲೆ ಉಂಟು. ಇಲ್ಲಿಗೊಂದು ಲೈಟ್ ಹಾಕಿಸುವ, ಆಗದಾ?"